ಅಳಿಯನ ಉಪಚಾರ

"ಪೊರಕೆ ಎತ್ತೇ ಮುಂಡೆ! ನೀರು ಬಿಡ್ದೆ ಪೆಟ್ಟಿಗೆ ಹತ್ರ ಗುಡಿಸ್ಬೇಡ ಅಂತ ಇನ್ನೆಷ್ಟು ಸಲ ಬೊಗಳ್ಲಿ?"

ಮೇಸ್ತ್ರಿಯ ಬೆಳಗು ಶುರುವಾಗುವುದೇ ಹೀಗೆ. ನಗರಸಭೆ ಕಚೇರಿಯ ಮುಂದಿನ ಕಂಬಕ್ಕೆ ಒಂದು ಪೆಟ್ಟಿಗೆ ಬಿಗಿದು, ಕೆಳಗೆ ಅಂಕಿ ತೋರಿಸುವ ಹಲಗೆ ಹಾಕಿದ್ದಾರೆ. ಗಾಳಿಯಲ್ಲಿರುವ, ಕಣ್ಣಿಗೆ ಕಾಣದ ನುಣ್ಣನೆಯ ಧೂಳನ್ನು ಅದು ಅಳೆಯುತ್ತದಂತೆ. ನಗರಕ್ಕೆಲ್ಲ ಅದೊಂದೇ. ಗುಡಿಸುವ ಮೊದಲು ನಾನು ನಲ್ಲಿಗೆ ಪೈಪು ಸಿಕ್ಕಿಸಿ ಕಂಬದ ಸುತ್ತಲಿನ ನೆಲ, ಗೋಡೆ, ಮರದ ಎಲೆಗಳನ್ನೂ ತೊಳೆಯಬೇಕು. ನಲ್ಲಿ ತಿರುಗಿಸುವ ಹಿಡಿ ಇರುವುದು ನನ್ನೊಬ್ಬಳ ಹತ್ತಿರ. ಉಳಿದ ಬೀದಿಗಳಿಗೆ ಹನಿ ನೀರಿಲ್ಲ. ಈ ಉಪಚಾರ ನೋಡಿ ನಾವು ಪೆಟ್ಟಿಗೆಗೆ ಅಳಿಯ ಎಂದು ಹೆಸರಿಟ್ಟಿದ್ದೆವು.

"ಅಳಿಯನಿಗೆ ಸ್ನಾನ ಆಯ್ತಾ?" ಎಂದು ಅಕ್ಕ ದಿನವೂ ಕೇಳುತ್ತಿದ್ದಳು. ನಕ್ಕರೆ ಕೆಮ್ಮು ಬರುತ್ತಿತ್ತು. ಅವಳು ಗುಡಿಸುವುದು ಕಚೇರಿಯ ಹಿಂದೆ, ಜಲ್ಲಿ ಲಾರಿಗಳು ಓಡಾಡುವ ರಸ್ತೆ. ಈಗೀಗ ಉಗುಳಿದರೆ ನೆತ್ತರ ಎಳೆ.

"ಇದ್ರಲ್ಲಿ ಏನೋ ಮಸಲತ್ತಿದೆ ಕಣೇ. ಸುಮ್ಸುಮ್ನೆ ಕಂಬಕ್ಕೆ ಯಾರಾದ್ರೂ ಇಷ್ಟು ನೀರು ಸುರೀತಾರಾ?" ಎಂದೂ ಅನ್ನುತ್ತಿದ್ದಳು.

ಅವಳ ಬೀದಿ ಬದಲಿಸಿ ಕೊಡಿ ಎಂದು ಕೇಳಲು ಇಬ್ಬರೂ ಕಚೇರಿಯ ಸಾಹೇಬರ ಬಾಗಿಲಲ್ಲಿ ನಿಂತೆವು. ಅವರು ಕಿಟಕಿಯಾಚೆ ಬೆರಳು ತೋರಿಸಿದರು.

"ನೋಡು, ಮೂವತ್ತೆಂಟು. ಊರಿನ ಗಾಳಿ ಚೆನ್ನಾಗಿದೆ. ನಿನ್ನ ಕೆಮ್ಮು ಬೀಡಿದು."

"ಬೀಡಿ ಮುಟ್ಟಿದೋಳಲ್ಲ ಸ್ವಾಮಿ."

"ಹಾಗಾದ್ರೆ ಮೆಷಿನ್ನು ಸುಳ್ಳು ಹೇಳುತ್ತಾ? ನಡಿ ಆಚೆ, ಎಂಜಲು ಹಾರಿಸ್ಬೇಡ."

ಆ ಮೂವತ್ತೆಂಟು ಬಂದದ್ದು ನನ್ನ ಪೈಪಿನಿಂದ. ದಿನವೂ ಬೆಳಿಗ್ಗೆ ಎದ್ದು ಸ್ವಂತ ಅಕ್ಕನ ಬಾಯಿಗೆ ಮಣ್ಣು ಹಾಕುತ್ತಿದ್ದವಳು ನಾನೇ.

ಮರುದಿನ ಅಂಕಿ ನೋಡಲು ದೊಡ್ಡವರು ಬರುವವರಿದ್ದರು. ನಾನು ನೀರು ಬಿಡಲಿಲ್ಲ. ಅಕ್ಕನೂ ತನ್ನ ರಸ್ತೆ ಬಿಟ್ಟು ಬಂದಳು. ಅಲ್ಲಿ ಹೇಗೋ ಇಲ್ಲೂ ಹಾಗೆಯೇ, ಒಣ ನೆಲಕ್ಕೆ ಒಣ ಪೊರಕೆ. ಹೊರಗಿನಿಂದ ಒಂದು ಹಿಡಿ ಮಣ್ಣನ್ನೂ ತರಲಿಲ್ಲ. ಹಲಗೆಯ ಮೇಲೆ ತೊಂಬತ್ತು. ನೂರ ಎಪ್ಪತ್ತು. ಇನ್ನೂರ ನಲವತ್ತು.

ದೊಡ್ಡವರ ಕಾರು ಬಂದು ನಿಂತಿತು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಸಾಹೇಬರು ಕಚೇರಿಯೊಳಗಿಂದ ಓಡಿಬಂದರು.

"ನೀರು ಬಿಡ್ರೋ! ಯಾವ ಬೋಳಿಮಗ ಗುಡಿಸೋಕೆ ಹೇಳಿದ್ದು?"

ಅಕ್ಕ ಬೆನ್ನು ನೆಟ್ಟಗೆ ಮಾಡಿದಳು. "ಮೂಗು ಯಾಕೆ ಮುಚ್ಕೊಂಡ್ರಿ ಸ್ವಾಮಿ? ಊರಿನ ಗಾಳಿ ಚೆನ್ನಾಗಿದೆಯಲ್ಲ?"

ಕೆಮ್ಮಿದಳು. ಮತ್ತೆ ಬಗ್ಗಿ ಗುಡಿಸತೊಡಗಿದಳು.

ಮೇಸ್ತ್ರಿ ನಲ್ಲಿಯ ಹಿಡಿಗಾಗಿ ನಮ್ಮ ಬುಟ್ಟಿಗಳನ್ನೆಲ್ಲ ಕವುಚಿ ಹಾಕಿ ತಡಕಾಡುತ್ತಿದ್ದ. ಅದು ನನ್ನ ಸೊಂಟದಲ್ಲಿತ್ತು.