ಮಂಜಿಗೆ ಕೊಟ್ಟ ನಿಮಿಷಗಳು

ಹೊರನಾಡಿಗೆ ಹೋಗುವ ಬೆಳಗಿನ ಸರ್ಕಾರಿ ಬಸ್ಸನ್ನು ಜಿಯಾಉದ್ದೀನ್ ಹತ್ತೊಂಬತ್ತು ವರ್ಷದಿಂದ ಓಡಿಸುತ್ತಿದ್ದ. ಮೂಡಿಗೆರೆಯಲ್ಲಿ ಹತ್ತುವವರಿಗೆ ಅವನ ಬೆನ್ನು, ಬೆಳ್ಳಗಾಗುತ್ತ ಬಂದ ಕುತ್ತಿಗೆಯ ಕೂದಲು ಗೊತ್ತಿತ್ತೇ ಹೊರತು ದನಿ ಗೊತ್ತಿರಲಿಲ್ಲ. ನೌಕರರ ಸಂಘದ ಸಭೆಯಲ್ಲೂ ಅಷ್ಟೆ. ಹಿಂದಿನ ಬೆಂಚಿನಲ್ಲಿ ಕೂತು, ಕೈ ಎತ್ತಬೇಕಾದಾಗ ಎತ್ತಿ, ಚಹಾ ಕುಡಿದು ಮನೆಗೆ ಹೋಗುತ್ತಿದ್ದ. ಹಾಗಾಗಿ ಆ ಜೂನ್ ಮೊದಲ ವಾರ ಅವನು ಎದ್ದು ನಿಂತು, “ಇನ್ನೊಂದು ಬೇಡಿಕೆ ಬರ್ಕೊಳ್ಳಿ” ಎಂದಾಗ ಸಂಘದ ಕಾರ್ಯದರ್ಶಿಗೆ ಪೆನ್ನು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು.

ಆಡಳಿತದ ಮುಂದಿಡಲು ಹತ್ತು ಬೇಡಿಕೆಗಳು ಆಗಲೇ ಸಿದ್ಧವಾಗಿದ್ದವು. ವಿಶ್ರಾಂತಿ ಕೋಣೆ, ಮಹಿಳಾ ಕಂಡಕ್ಟರುಗಳಿಗೆ ಶೌಚಾಲಯ, ತಪ್ಪದೆ ವಾರದ ರಜೆ, ಹೊಸ ರೇನ್‌ಕೋಟು, ಹೀಗೆ.

“ಹನ್ನೊಂದನೇದು ಏನು?”

“ಮಳೆಗಾಲದಲ್ಲಿ ನಮ್ಮ ರೂಟಿಗೆ ಇಪ್ಪತ್ತು ನಿಮಿಷ ಜಾಸ್ತಿ ಬೇಕು. ಮಂಜಿಗೆ.”

ಎಲ್ಲರೂ ನಕ್ಕರು. ನಗದೆ ಕೂತಿದ್ದವನು ದೇವರಾಜ ಒಬ್ಬನೇ. ಹಿಂದಿನ ವರ್ಷದ ಆಗಸ್ಟಿನಲ್ಲಿ, ತಡವಾಗಿ ತಲುಪಿದ್ದಕ್ಕೆ ಒಂದರ ಹಿಂದೊಂದು ಮೂರು ಮೆಮೊ ಪಡೆದ ಮೇಲೆ, ಅವನು ಓಡಿಸುತ್ತಿದ್ದ ಬಸ್ಸು ಬಾಳೂರು ದಾಟಿದ ಒಂದು ತಿರುವಿನಲ್ಲಿ ದಟ್ಟ ಮಂಜಿನ ನಡುವೆ ರಸ್ತೆ ಬಿಟ್ಟು ಕಾಫಿ ತೋಟಕ್ಕೆ ಇಳಿದಿತ್ತು. ಒಂದು ಸಿಲ್ವರ್ ಓಕ್ ಮರ ಅದನ್ನು ತಡೆದು ನಿಲ್ಲಿಸಿತು. ಪ್ರಯಾಣಿಕರಿಗೆ ತರಚು ಗಾಯವಷ್ಟೇ ಆಯಿತು. ದೇವರಾಜನ ಬಲಗಾಲು ಮಾತ್ರ ಮೊದಲಿನಂತಾಗಲಿಲ್ಲ. ವಿಚಾರಣೆಯ ವರದಿಯಲ್ಲಿ ‘ಚಾಲಕನ ನಿರ್ಲಕ್ಷ್ಯ’ ಎಂದು ಬರೆದರು. ಈಗ ಅವನು ಡಿಪೊದ ಕೋಣೆಯೊಂದರಲ್ಲಿ ಕಂಡಕ್ಟರುಗಳಿಗೆ ಟಿಕೆಟ್ ಯಂತ್ರ ಹಂಚುತ್ತಾನೆ.

ಮಾತುಕತೆ ಜುಲೈಯಲ್ಲಿ ಚಿಕ್ಕಮಗಳೂರಿನ ಕಚೇರಿಯಲ್ಲಿ ನಡೆಯಿತು. ಆಡಳಿತದ ಪರವಾಗಿ ಕೂತವಳು ಸ್ವಾತಿ, ಬಳ್ಳಾರಿ ಕಡೆಯಿಂದ ಹೊಸದಾಗಿ ಬಂದ ಸಂಚಾರ ಅಧಿಕಾರಿ. ಮೂವತ್ತೈದರೊಳಗಿನ ವಯಸ್ಸು, ಕೇಳಿದ್ದಕ್ಕೆಲ್ಲ ಇಲ್ಲ ಎನ್ನುವವಳಲ್ಲ. ಹತ್ತು ಬೇಡಿಕೆಗಳಲ್ಲಿ ಆರಕ್ಕೆ ಮಧ್ಯಾಹ್ನದೊಳಗೆ ಒಪ್ಪಿದಳು. ಹನ್ನೊಂದನೆಯದನ್ನು ಓದಿದಾಗ ತಲೆ ಎತ್ತಿ, “ಇದು ಯಾರದ್ರೀ?” ಎಂದು ಕೇಳಿದಳು.

ಜಿಯಾಉದ್ದೀನ್ ಎದ್ದು ನಿಂತ. ಅವಳು ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದಳು. ಪರದೆಯ ಮೇಲೆ, ಹಿಂದಿನ ವಾರದ ಓಟದ ದಾಖಲೆಯಲ್ಲಿ, ಅವನ ಬಸ್ಸು ಒಂದು ಹಸಿರು ಚುಕ್ಕೆಯಾಗಿ ಕಾಣುತ್ತಿತ್ತು.

“ನೋಡ್ರಿ, ಇಲ್ಲಿ ಹದಿನೇಳು ನಿಮಿಷ ನಿಂತೀರಿ. ಸ್ಟಾಪ್ ಇಲ್ಲ, ಊರಿಲ್ಲ. ಯಾರೂ ಹತ್ತಿಲ್ಲ, ಇಳಿದಿಲ್ಲ. ಏನು ಮಾಡ್ತಿದ್ರಿ?”

“ನಿಂತಿದ್ದೆ ಮೇಡಂ. ರಸ್ತೆ ಬರೋವರೆಗೂ.”

“ರಸ್ತೆ ಬರೋದು ಅಂದ್ರ?”

ಕೊಟ್ಟಿಗೆಹಾರ ದಾಟಿದ ಮೇಲೆ ಮಂಜು ಮೇಲಿನಿಂದ ಬೀಳುವುದಿಲ್ಲ, ಕಣಿವೆಯಿಂದ ಎದ್ದು ಬರುತ್ತದೆ. ಮೊದಲು ತೋಟದ ಬೇಲಿ ಹೋಗುತ್ತದೆ, ಆಮೇಲೆ ಮರ, ಆಮೇಲೆ ವೈಪರು. ಬಸ್ಸು ಎಲ್ಲಿಯೂ ಇಲ್ಲದ ಹಾಗೆ ಬಿಳುಪಿನೊಳಗೆ ತೂಗುತ್ತಿರುತ್ತದೆ. ಇದನ್ನೆಲ್ಲ ಅವನು ಮನಸ್ಸಿನಲ್ಲೇ ಹೇಳಿಕೊಂಡ. ಬಾಯಿಂದ ಬಂದದ್ದು, “ನೀವೊಮ್ಮೆ ಬರ್ಬೇಕು ಮೇಡಂ” ಎಂಬುದಷ್ಟೇ.

ಸ್ವಾತಿ ಬಂದಳು. ಮುಂದಿನ ವಾರ, ಬುಧವಾರ, ಬೆಳಗ್ಗೆ ಆರೂವರೆಗೆ ಚಾಲಕನ ಹಿಂದಿನ ಸೀಟಿನಲ್ಲಿ ಕೊಡೆ ಹಿಡಿದು ಕೂತಿದ್ದಳು. ಆದರೆ ಅಂದು ಮಳೆಯಿರಲಿಲ್ಲ, ಮಂಜಿನ ಒಂದು ಎಳೆಯೂ ಇರಲಿಲ್ಲ. ಹದಿನೈದು ದಿನ ಮುಖ ತೋರಿಸದ ಬಿಸಿಲು ಗುಡ್ಡಗಳ ಮೇಲೆ ಹೊಸ ಬಟ್ಟೆ ಹರಡಿದಂತೆ ಬಿದ್ದಿತ್ತು. ದೂರದಲ್ಲಿ ಕುದುರೆಮುಖದ ಸಾಲು, ಯಾರೋ ಈಗ ತಾನೇ ಬರೆದು ಮುಗಿಸಿದಂತೆ, ನೀಲಿಯಾಗಿ ಕಾಣುತ್ತಿತ್ತು.

ಕಂಡಕ್ಟರ್ ಮರಿಯಮ್ಮ ಟಿಕೆಟು ಕೊಡುತ್ತ ಮುಂದೆ ಬಂದು ಜಿಯಾಉದ್ದೀನನ ಕಿವಿಯ ಹತ್ತಿರ ಬಗ್ಗಿದಳು. “ಎಂಥ ಗ್ರಹಚಾರ ಅಣ್ಣಾ! ಇವತ್ತೇ ಹೀಗಾಗ್ಬೇಕಾ?”

ಅವನು ಗೇರು ಬದಲಿಸಿದ. ಬಸ್ಸು ನಾಲ್ಕು ನಿಮಿಷ ಮುಂಚೆಯೇ ಓಡುತ್ತಿತ್ತು. ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಹಿಂದಿನ ಸೀಟುಗಳಲ್ಲಿ ಯಾರದೋ ಮದುವೆಯ ವಿಷಯ ಮಾತಾಡಿ ಜೋರಾಗಿ ನಗುತ್ತಿದ್ದರು. ಹೊರನಾಡಿಗೆ ಹೊರಟಿದ್ದ ಒಂದು ಕುಟುಂಬ ಬುತ್ತಿ ಬಿಚ್ಚಿ ತಿನ್ನುತ್ತಿತ್ತು. ಸ್ವಾತಿ ಗಡಿಯಾರ ನೋಡಿಕೊಂಡಳು.

ಬಾಳೂರು ದಾಟಿತು. ಆ ತಿರುವು ಇನ್ನೂ ಒಂದು ಫರ್ಲಾಂಗು ಇರುವಾಗ ಹಿಂದಿನ ನಗು ನಿಂತಿತು. ಯಾರೂ ಸುಮ್ಮನಿರಿ ಎನ್ನಲಿಲ್ಲ. ಮದುವೆಯ ಮಾತು ಅರ್ಧಕ್ಕೇ ನಿಂತಿತು, ಫೋನಿನಲ್ಲಿ ಮಾತಾಡುತ್ತಿದ್ದವನು ಅದನ್ನು ತೊಡೆಯ ಮೇಲಿಟ್ಟ, ಮರಿಯಮ್ಮ ಕಂಬ ಹಿಡಿದು ಅಲುಗದೆ ನಿಂತಳು. ಬುತ್ತಿ ತಿನ್ನುತ್ತಿದ್ದ ಕುಟುಂಬ ಏನಾಯಿತೆಂದು ಸುತ್ತ ನೋಡಿತು. ಬಿಸಿಲಿನಲ್ಲಿ ಬಸ್ಸು ಒಂದು ದೊಡ್ಡ ಉಸಿರು ಬಿಗಿಹಿಡಿದು ತಿರುವನ್ನು ಸುತ್ತಿತು. ಸುತ್ತಿದ ಮೇಲೆ ಮದುವೆಯ ಮಾತು ನಿಂತಲ್ಲಿಂದಲೇ ಮತ್ತೆ ಶುರುವಾಯಿತು.

“ಏನಾತ್ರೀ ಈಗ?” ಸ್ವಾತಿ ಪಿಸುಗುಟ್ಟಿದಳು. ತಾನೂ ಪಿಸುಗುಟ್ಟುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಾಗಿರಲಿಲ್ಲ.

“ಎಂಥದೂ ಇಲ್ಲ ಮೇಡಂ,” ಮರಿಯಮ್ಮ ಹೇಳಿದಳು. “ಮಂಜಿದ್ದಾಗ ಎದುರು ಬರೋ ಗಾಡಿ ಕಾಣೋದಿಲ್ಲ. ಅಣ್ಣ ಕಿವಿಯಲ್ಲೇ ಓಡಿಸ್ಬೇಕು. ಅದಕ್ಕೆ ಇಲ್ಲಿ ಯಾರೂ ಮಾತಾಡೋದಿಲ್ಲ. ಈಗ ಅಭ್ಯಾಸ ಆಗಿಹೋಗಿದೆ. ಬಿಸಿಲಿದ್ರೂ ಹಾಗೇ.”

ಸ್ವಾತಿ ಮತ್ತೆ ಗಡಿಯಾರ ನೋಡಿಕೊಳ್ಳಲಿಲ್ಲ. ಕಳಸದಲ್ಲಿ ಇಳಿದು ಕಾಫಿ ಕುಡಿದಳು. “ಹಾಳೆ ಮ್ಯಾಲೆ ಇದನ್ನು ಹೆಂಗ ಬರೀಬೇಕೋ ಗೊತ್ತಿಲ್ಲ. ಆದ್ರ ಬರೀತೀನಿ,” ಎಂದಳು.

ಹತ್ತು ದಿನಕ್ಕೆ ಕರಡು ಒಪ್ಪಂದ ಸಂಘಕ್ಕೆ ಬಂತು. ಜೂನ್‌ನಿಂದ ಅಕ್ಟೋಬರ್‌ವರೆಗೆ ಹದಿನೆಂಟು ನಿಮಿಷ. ದಾರಿ ಕಾಣದಾಗ ಬಸ್ಸು ನಿಲ್ಲಿಸುವ ಹಕ್ಕು ಚಾಲಕನದು, ಅದಕ್ಕೆ ಮೆಮೊ ಇಲ್ಲ. ಎಲ್ಲರೂ ಜಿಯಾಉದ್ದೀನನ ಬೆನ್ನು ತಟ್ಟಿದರು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಮೇಲಿನವರು ಸೇರಿಸಿದ ಒಂದು ಸಾಲಿತ್ತು. ಈ ಒಪ್ಪಂದದ ಆಧಾರದ ಮೇಲೆ ಹಿಂದಿನ ಯಾವುದೇ ಅಪಘಾತದ ವಿಚಾರಣೆಯನ್ನು ಮತ್ತೆ ತೆರೆಯುವಂತೆ ಸಂಘ ಕೇಳತಕ್ಕದ್ದಲ್ಲ.

ಹಿಂದಿನ ಅಪಘಾತ ಎಂದರೆ ಒಂದೇ. ಜಿಯಾಉದ್ದೀನ್ ಕರಡನ್ನು ಮಡಚಿ ಜೇಬಿಗಿಟ್ಟುಕೊಂಡು ಟಿಕೆಟ್ ಯಂತ್ರದ ಕೋಣೆಗೆ ಹೋದ. ಮಧ್ಯಾಹ್ನದ ಹೊತ್ತು. ದೇವರಾಜ ಕಾಲನ್ನು ಸ್ಟೂಲಿನ ಮೇಲಿಟ್ಟು ಕಿಟಕಿಯಾಚೆ ನೋಡುತ್ತಿದ್ದ. ಓದಿ ಮುಗಿಸಿ, “ಸಹಿ ಹಾಕು ಮಾರಾಯ” ಎಂದ.

“ನಿನ್ನ ಹೆಸರಿಗೆ ಮಸಿ ಹಾಗೇ ಉಳೀತದೆ.”

“ಉಳೀಲಿ. ನಿಂಗೊಂದು ಹೇಳ್ಬೇಕು. ಹೆಂಡ್ತಿಗೂ ಹೇಳಿಲ್ಲ.” ದೇವರಾಜ ದನಿ ತಗ್ಗಿಸಿದ. “ಮೆಮೊ ಹೆದರಿಕೆ ಇದ್ದದ್ದು ಹೌದು. ಆದ್ರೆ ಅವತ್ತು ನಾನು ಗಡಿಬಿಡಿಯಿಂದ ಹೋಗ್ಲಿಲ್ಲ. ನಂಗೆ ದಾರಿ ಕಂಡಿತ್ತು. ಮಂಜಿನ ಮಧ್ಯ ಸೀದಾ, ನುಣ್ಣಗೆ, ಎರಡೂ ಕಡೆ ಮರ. ಅಷ್ಟು ಒಳ್ಳೆ ದಾರಿ ನಾನು ಹುಟ್ಟಿದಾಗಿಂದ ನೋಡಿಲ್ಲ. ಆ ದಾರಿಗೇ ಬಸ್ಸು ಇಳಿಸಿದೆ. ಇದನ್ನ ವಿಚಾರಣೆಯಲ್ಲಿ ಹೇಳಿದ್ರೆ ಹುಚ್ಚ ಅಂತಿದ್ರು. ನಿರ್ಲಕ್ಷ್ಯ ಅನ್ನೋದೇ ವಾಸಿ ಅನ್ನಿಸ್ತು.”

ಜಿಯಾಉದ್ದೀನ್ ಕರಡನ್ನು ಮತ್ತೆ ಮಡಚಿದ. ಆ ದಾರಿ ಅವನಿಗೂ ಗೊತ್ತಿತ್ತು. ಒಂದು ಸಲವಲ್ಲ, ಏಳೆಂಟು ಸಲ ಕಂಡಿತ್ತು. ಒಮ್ಮೆ ಅದರ ತುದಿಯಲ್ಲಿ ತೀರಿಹೋದ ಅವನ ತಾಯಿ ದುಪಟ್ಟ ಸರಿಪಡಿಸಿಕೊಳ್ಳುತ್ತ ಬಸ್ಸಿಗೆ ಕಾಯುತ್ತಿದ್ದಳು. ಅವನೂ ಯಾರಿಗೂ ಹೇಳಿರಲಿಲ್ಲ.

ಸಹಿಯ ದಿನ ದೊಡ್ಡ ಮೇಜಿನ ಸುತ್ತ ಹನ್ನೆರಡು ಜನ ಕೂತಿದ್ದರು. ಸ್ವಾತಿಯ ಪಕ್ಕದಲ್ಲಿ ಅವಳಿಗಿಂತ ಮೇಲಿನ ಅಧಿಕಾರಿಯೊಬ್ಬರು, ಕನ್ನಡಕದವರು. ಸಂಘದ ಕಾರ್ಯದರ್ಶಿ ಪೆನ್ನು ತೆಗೆದ. ಜಿಯಾಉದ್ದೀನ್ ಅವನ ಕೈ ಮೇಲೆ ಮೆಲ್ಲಗೆ ತನ್ನ ಕೈಯಿಟ್ಟ.

“ಕೊನೆ ಸಾಲು ಬೇಡ ಸಾರ್.”

“ಹದಿನೆಂಟು ನಿಮಿಷ ಸಿಕ್ಕಿದೆಯಲ್ರೀ,” ಕನ್ನಡಕದವರು ಹೇಳಿದರು. “ಒಂದು ಸಾಲಿಗೋಸ್ಕರ ಅದನ್ನೂ ಕಳ್ಕೊಳ್ತೀರಾ?”

“ಸಾರ್, ಮಂಜಲ್ಲಿ ಸುಳ್ಳು ದಾರಿ ಕಾಣ್ತದೆ. ನಂಗೇ ಕಂಡಿದೆ. ನಿಜದ್ದಕ್ಕಿಂತ ಚೆನ್ನಾಗಿರ್ತದೆ. ಕಂಡಾಗ ನಾನು ಬ್ರೇಕ್ ಹಾಕಿ ನಿಂತುಬಿಡ್ತೇನೆ. ಎರಡು ನಿಮಿಷ, ಐದು ನಿಮಿಷ. ಅದು ಹೋಗ್ತದೆ. ನಿಂತಿದ್ದಕ್ಕೆ ನಂಗೆ ಮೆಮೊ ಬಂತು, ಬರ್ಲಿ ಅಂದ್ಕೊಂಡೆ. ನಾನು ಹಳಬ, ಇನ್ನೇನು ನಿವೃತ್ತಿ. ದೇವರಾಜನಿಗೆ ಹಾಗೆ ಅನ್ಕೊಳ್ಳೋಕಾಗ್ಲಿಲ್ಲ. ನಿಲ್ಲೋಕೆ ಸಮಯ ಇಲ್ದೇ ಇದ್ದದ್ದು ತಪ್ಪು ಅಂತ ಈಗ ನೀವೇ ಬರ್ದಿದ್ದೀರಿ. ಹಾಗಾದ್ರೆ ಅವನೊಬ್ಬನ ತಪ್ಪು ಹೇಗೆ?”

ಇಲ್ಲದ ದಾರಿ ಕಾಣುತ್ತದೆ ಎಂದು ಚಾಲಕನೊಬ್ಬ ಅಧಿಕಾರಿಗಳೆದುರು ಹೇಳಿಕೊಂಡರೆ ಏನಾಗಬಹುದೆಂದು ಅಲ್ಲಿದ್ದವರಿಗೆಲ್ಲ ತಿಳಿದಿತ್ತು. ಕಾರ್ಯದರ್ಶಿ ತಲೆ ತಗ್ಗಿಸಿದ. ಜಿಯಾಉದ್ದೀನನ ಎದೆ ಮಾತ್ರ, ಇಳಿಜಾರಿನಲ್ಲಿ ಎಂಜಿನ್ ಆರಿಸಿದ ಹಾಗೆ, ಹಗುರವಾಗಿತ್ತು.

“ನಿಮಗೆ ಕಣ್ಣಿನ ಪರೀಕ್ಷೆ ಮಾಡಿಸ್ಬೇಕಾಗ್ತದೆ,” ಕನ್ನಡಕದವರು ಕೊನೆಗೆ ಹೇಳಿದರು.

“ಮಾಡಿಸಿ ಸಾರ್.”

ಸ್ವಾತಿ ಮಧ್ಯೆ ಬಾಯಿ ಹಾಕಿದಳು. “ಸರ್, ಅವರ ಗಾಡಿಯೊಳಗ ನಾನು ಕುಂತು ಬಂದೀನಿ. ಆ ಸಾಲು ಇಟ್ರ ಉಳಿದ ಒಪ್ಪಂದಕ್ಕ ಅರ್ಥ ಇರೋದಿಲ್ಲ. ತೆಗೀಬೇಕಂತ ನಾನೂ ಬರೆದು ಕೊಡ್ತೀನಿ.”

ಕನ್ನಡಕದವರು ಹೊರಗೆ ಹೋಗಿ ಬೆಂಗಳೂರಿಗೆ ಫೋನು ಮಾಡಿದರು. ಮುಕ್ಕಾಲು ಗಂಟೆ ಕಳೆಯಿತು. ಮರಳಿ ಬಂದು ಏನೂ ವಿವರಣೆ ಕೊಡದೆ, ಆ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ತಮ್ಮ ಚುಟುಕು ಸಹಿ ಹಾಕಿದರು.

ಜಿಯಾಉದ್ದೀನನನ್ನು ಕಣ್ಣಿನ ಪರೀಕ್ಷೆಗೆ ಕಳಿಸಿಯೇ ಬಿಟ್ಟರು. ದೃಷ್ಟಿ ಸರಿಯಾಗಿದೆ ಎಂದು ಡಾಕ್ಟರು ಬರೆದುಕೊಟ್ಟರು. ದೇವರಾಜನ ವಿಚಾರಣೆ ಮತ್ತೆ ನಡೆದು, ಮಳೆಗಾಲ ಮುಗಿಯುವಷ್ಟರಲ್ಲಿ ‘ನಿರ್ಲಕ್ಷ್ಯ’ ಎಂಬ ಪದ ಅವನ ಕಡತದಿಂದ ಹೋಯಿತು. ಮತ್ತೆ ಸ್ಟೀರಿಂಗ್ ಹಿಡಿಯುವ ಆಸೆ ಅವನಿಗಿರಲಿಲ್ಲ, ಕಾಲೂ ಬಿಡುತ್ತಿರಲಿಲ್ಲ. ಕೊಟ್ಟಿಗೆಹಾರದಲ್ಲಿ ಬಸ್ಸುಗಳ ಹೊತ್ತು ಬರೆದುಕೊಳ್ಳುವ ಕೆಲಸ ಕೇಳಿ ಪಡೆದ. ಮುಂದಿನ ದಾರಿಯಲ್ಲಿ ಮಂಜು ದಟ್ಟವಾಗಿದ್ದರೆ, ಬಸ್ಸು ಹೊರಡಿಸುವ ಮೊದಲು ಚಾಲಕನಿಗೆ ಒಂದು ಲೋಟ ಕಾಫಿ ತರಿಸುತ್ತಾನೆ. ಬೇಡವೆಂದರೂ ಬಿಡುವುದಿಲ್ಲ.

ಆದೇಶ ಬಂದ ಮೇಲೆ ಮೊದಲ ಸಲ ಬಸ್ಸು ಮಂಜಿನಲ್ಲಿ ನಿಂತದ್ದು ಸೆಪ್ಟೆಂಬರಿನ ಒಂದು ಬೆಳಗ್ಗೆ, ಹಿರೇಬೈಲಿನ ಈಚೆ. ಜಿಯಾಉದ್ದೀನ್ ಎಂಜಿನ್ ಆರಿಸಿದ. ಎಷ್ಟು ವರ್ಷ ಹೀಗೆ ನಿಂತಿದ್ದರೂ ಅವನು ಎಂದೂ ಸೀಟು ಬಿಟ್ಟಿರಲಿಲ್ಲ. ಕಾಲು ಬ್ರೇಕಿನ ಮೇಲೆ, ಕಣ್ಣು ಗಡಿಯಾರದ ಮೇಲೆ ಇರುತ್ತಿತ್ತು. ಅಂದು ಬಾಗಿಲು ತೆಗೆದು ಕೆಳಗಿಳಿದ. ಒದ್ದೆ ಡಾಂಬರಿನ ಮೇಲೆ ಹತ್ತು ಹೆಜ್ಜೆ ನಡೆದು ತಿರುಗಿದ. ಬಸ್ಸು ಇರಲಿಲ್ಲ. ಎರಡು ಹಳದಿ ದೀಪಗಳು ಮಾತ್ರ ನೆಲದಿಂದ ಮೇಲೆ ತೇಲಿ, ಕಣ್ಣು ಮಿಟುಕಿಸುತ್ತಿದ್ದವು. ಎಲ್ಲೋ ಕೆಳಗೆ ಹಳ್ಳ ಹರಿಯುವ ಸದ್ದು. ಕಾಫಿ ಎಲೆಗಳಿಂದ ಒಂದೊಂದೇ ಹನಿ. ಒಂದು ಹಕ್ಕಿ ಅರ್ಧ ಕೂಗಿ, ಯಾಕೋ ಬೇಡವೆನಿಸಿದಂತೆ ಸುಮ್ಮನಾಯಿತು.

ಮಂಜು ಅವನ ಹುಬ್ಬಿನ ಮೇಲೆ, ಮೀಸೆಯ ಮೇಲೆ ಸಣ್ಣಗೆ ಕೂತಿತು. ಅದು ಇಷ್ಟು ತಣ್ಣಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

“ಅಣ್ಣಾ, ಎಲ್ಲಿದ್ದೀರಿ?” ಮರಿಯಮ್ಮನ ದನಿ ಬಿಳುಪಿನೊಳಗಿಂದ ಬಂತು.

“ಇಲ್ಲೇ ಇದ್ದೇನಮ್ಮಾ,” ಎಂದ ಅವನು, ಮತ್ತೆ ಸ್ವಲ್ಪ ಹೊತ್ತು ಅಲ್ಲೇ ನಿಂತ.