ಓಡುವಾಗ ಕಿತ್ತ ತಂತಿ

ಆಲ್ಟರ್ನೇಟರ್ ಬಿಚ್ಚುವ ಮೊದಲು ಬ್ಯಾಟರಿಯ ತಂತಿ ಕಳಚಬೇಕು. ಅದೂ ಎಂಜಿನ್ ನಿಂತಿರುವಾಗ. ಇದನ್ನು ನನಗೆ ಕಲಿಸಿದವನು ಡೆಸ್ಮಂಡ್. ಹದಿನೈದಕ್ಕೆ ಶಾಲೆ ಬಿಟ್ಟು ಕವೆಂಟ್ರಿಯ ಒಂದು ಗ್ಯಾರೇಜಿಗೆ ನಾನು ಸೇರಿದಾಗ ಅಲ್ಲಿ ಕರೆಂಟಿನ ಕೆಲಸವೆಲ್ಲ ಅವನದು. ನನಗಿಂತ ಎಂಟು ವರ್ಷ ದೊಡ್ಡವನು. ನಾನು ಕಲಿತ ವಿದ್ಯೆಯೆಂದರೆ ಅವನ ಬಾಯಿಂದ ಬಂದದ್ದೇ.

ಎಂಜಿನ್ನಿನ ಓಟದಿಂದ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬಲು ಆಗೆಲ್ಲ ಕಾರುಗಳಿಗೆ ಡೈನಮೋ. ಅದು ಕರೆಂಟು ಕೊಡುತ್ತಿದೆಯೋ ಇಲ್ಲವೋ ನೋಡಲು ನಮ್ಮವರದೊಂದು ಸುಲಭದ ದಾರಿಯಿತ್ತು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಿತ್ತುಬಿಡುವುದು. ಎಂಜಿನ್ ನಿಲ್ಲದೆ ಓಡಿದರೆ ಡೈನಮೋ ಗಟ್ಟಿ ಎಂದರ್ಥ. ಆಮೇಲೆ ಡೈನಮೋ ಜಾಗಕ್ಕೆ ಆಲ್ಟರ್ನೇಟರ್ ಬಂತು. ಅದರ ಹೊಟ್ಟೆಯಲ್ಲಿ ಅಂಗಿಗುಂಡಿಯಷ್ಟಗಲದ ಡಯೋಡುಗಳು ಇರುತ್ತವೆ. ಓಡುವಾಗ ತಂತಿ ಕಿತ್ತರೆ ಕರೆಂಟಿಗೆ ಹೋಗಲು ದಾರಿಯಿಲ್ಲದೆ ಉಕ್ಕಿ, ರೆಪ್ಪೆ ಬಡಿಯುವಷ್ಟರಲ್ಲಿ ಅವನ್ನು ಸುಟ್ಟುಬಿಡುತ್ತದೆ. ಡೆಸ್ಮಂಡ್ ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ: ‘ಓಡುವಾಗ ತಂತಿ ಮುಟ್ಟಿದವನ ಬೆರಳು ಮುರಿಯಲಾಗುವುದು.’

ಎಪ್ಪತ್ತನೇ ಇಸವಿಯ ಚಳಿಗಾಲದಲ್ಲಿ ನಾನು ಮುಟ್ಟಿದೆ. ಗಿರಾಕಿಯ ಹೊಸ ಕಾರು. ಕೈಗೆ ಹಳೆಯ ಅಭ್ಯಾಸ, ಕಿತ್ತುಬಿಟ್ಟಿತು. ಡಯೋಡುಗಳೆಲ್ಲ ಸುಟ್ಟವು. ಫೋರ್‌ಮನ್ ಬ್ರಾಡಕ್ ಬಂದು “ಯಾರ ಕೆಲಸ ಇದು?” ಎಂದಾಗ ನಾನು ನೆಲದಲ್ಲಿ ಬೋಲ್ಟ್ ಹುಡುಕುವವನಂತೆ ಬಗ್ಗಿದೆ. ಡೆಸ್ಮಂಡ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ “ನಾನೇ” ಎಂದ. ಆ ಚಳಿಗಾಲವಿಡೀ ಅವನನ್ನು ಹಳೆಯ ಬ್ಯಾಟರಿಗಳ ಆಸಿಡ್ ತೊಳೆಯಲು ಹಿತ್ತಲ ಷೆಡ್ಡಿಗೆ ಹಾಕಿದರು. ಅವನ ಬೆರಳ ತುದಿಗಳು ಸುಲಿದು ಬಿಳಿಚಿಕೊಂಡಿದ್ದವು. ನನಗೆ ಒಂದು ಮಾತೂ ಅನ್ನಲಿಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ ಅವನ ಮಗಳು ಗ್ಲೆನಿಸ್ ಫೋನ್ ಮಾಡಿದಳು. ಡೆಸ್ಮಂಡನ ಹತ್ತಿರ ಎಪ್ಪತ್ತೆರಡರ ಕಡುಹಸಿರು ಟ್ರಯಂಫ್ ಕಾರು ಇದೆ, ಎರಡೇ ಸೀಟಿನದು. ಪ್ರತಿ ಮೇ ತಿಂಗಳ ಮೊದಲ ಭಾನುವಾರ ಅದರ ಮೇಲ್ಛಾವಣಿ ಮಡಚಿ, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ನಾವಿಬ್ಬರೂ ಬರ್ಟನ್ ಡ್ಯಾಸೆಟ್ ಗುಡ್ಡಕ್ಕೆ ಹೋಗಿಬರುವುದು ನಲವತ್ತು ವರ್ಷದ ರೂಢಿ. ಮಾರ್ಚಿನಲ್ಲಿ ಅದರ ಆಲ್ಟರ್ನೇಟರ್ ಸತ್ತಿತ್ತು. ಹಳೆಯ ಸಾಮಾನು, ಕಾಲ ಮುಗಿಯಿತು ಎಂದುಕೊಂಡು ಹೊಸ ಡಯೋಡ್ ಹಾಕಿಕೊಟ್ಟಿದ್ದೆ. ಈಗ ಬ್ಯಾಟರಿಗೆ ಕರೆಂಟು ಹೋಗುತ್ತಿಲ್ಲವೆಂದು ಎಚ್ಚರಿಸುವ ಕೆಂಪು ದೀಪ ಮತ್ತೆ ಹತ್ತಿತ್ತು.

ಗ್ಲೆನಿಸ್ ನನ್ನನ್ನು ಗೇಟಿನಲ್ಲೇ ತಡೆದಳು.

“ಕ್ಲಿಫ್ ಮಾಮಾ, ಮೂರು ವಾರಕ್ಕೇ ಹೇಗೆ ಹೋಯ್ತು ಅದು? ಹೋದ ವಾರ ಅಪ್ಪ ದೊಡ್ಡ ಸರ್ಕಲ್‌ನಲ್ಲಿ ಎದುರು ದಿಕ್ಕಿಗೆ ನುಗ್ಗಿದ್ರಂತೆ, ಪಕ್ಕದ್ಮನೆಯೋರು ನೋಡಿದಾರೆ. ಕೇಳಿದ್ರೆ ಪಕ್ಕದ್ಮನೆಯೋರಿಗೆ ಕಣ್ಣು ಕಾಣಲ್ಲ ಅಂತಾರೆ. ನಾನು ಬಾಯಿ ತೆಗೆದ್ರೆ ಜಗಳ. ನೀವು ಬಿಚ್ಚಿ ನೋಡಿ. ಸಾಮಾನು ತಾನಾಗೇ ಕೆಟ್ಟಿದ್ರೆ ಸುಮ್ನಿರ್ತೀನಿ. ಅಪ್ಪನ ಕೈಯಿಂದ ಕೆಟ್ಟಿದ್ರೆ ಇವತ್ತೇ ಕೀಲಿ ತಗೋತೀನಿ. ನಿಮ್ಮ ಮಾತೇ ಕೊನೆ.”

“ನನ್ನ ತಲೆ ಮೇಲೆ ಯಾಕಮ್ಮಾ ಹಾಕ್ತೀಯ?”

“ನೀವು ಹೇಳಿದ್ರೆ ಮಾತ್ರ ನಂಬ್ತೀನಿ, ಅದಕ್ಕೆ.”

ಡೆಸ್ಮಂಡ್ ಗ್ಯಾರೇಜಿನಲ್ಲಿ ಮಗುಚಿದ ಡಬ್ಬದ ಮೇಲೆ ಕೂತಿದ್ದ. ಎಂಬತ್ತನಾಲ್ಕು ವರ್ಷ. ಷರ್ಟಿನ ಗುಂಡಿ ಒಂದರದು ಇನ್ನೊಂದಕ್ಕೆ ಸಿಕ್ಕಿತ್ತು.

“ಬಂದ್ಯಾ, ಆಮೆ? ನಾನೇ ಕೈ ಹಾಕಿದ್ರೆ ಇಷ್ಟೊತ್ತಿಗೆ ಕೆಲಸಾನೂ ಮುಗ್ದು ಊಟಾನೂ ಆಗಿರ್ತಿತ್ತು.”

“ನೀನು ಕೈ ಹಾಕಿದ್ರೆ ನಾಲ್ಕು ಬೋಲ್ಟ್ ಜೇಬಲ್ಲೇ ಉಳೀತಿತ್ತು.”

“ಜೇಬಲ್ಲಿದ್ರೆ ಕಳೆಯಲ್ಲ ಕಣೋ.”

ತಂತಿ ಕಳಚಿದೆ. ನಾನು ಕೈ ಚಾಚುವ ಮೊದಲೇ ಅರ್ಧ ಇಂಚಿನ ಸ್ಪ್ಯಾನರ್ ಅಂಗೈಗೆ ಬಂತು. ಬೆಲ್ಟ್ ಸಡಿಲಿಸಿ ಕೆಳಗಿನ ಉದ್ದನೆಯ ಬೋಲ್ಟ್ ಎಳೆಯುವಾಗ ಬೇಕಾದದ್ದೂ ಕೇಳದೆಯೇ ಬಂತು. ಅವನ ಕೈ ಒಂದು ಸಲವೂ ತಪ್ಪಲಿಲ್ಲ. ಈ ಕೈಗೆ ಏನಾಗಿದೆ, ಏನೂ ಆಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬೆಂಚಿನ ಮೇಲೆ ಆಲ್ಟರ್ನೇಟರನ್ನು ಎರಡು ಹೋಳಾಗಿ ಬಿಡಿಸಿದೆ. ಬೇರಿಂಗ್ ಸದ್ದಿಲ್ಲದೆ ತಿರುಗಿತು. ತಾಮ್ರದ ಸುರುಳಿ ಹೊಂಬಣ್ಣದಲ್ಲೇ ಇತ್ತು, ಎಲ್ಲೂ ಕಪ್ಪಾಗಿರಲಿಲ್ಲ. ಡಯೋಡುಗಳಿಗೆ ಮೀಟರ್ ಹಿಡಿದೆ. ಡಯೋಡು ಕರೆಂಟನ್ನು ಒಂದೇ ಕಡೆಗೆ ಬಿಡಬೇಕು. ಇವು ಎರಡೂ ಕಡೆಗೆ ಬಿಡುತ್ತಿದ್ದವು. ಒಂದಲ್ಲ, ಎಲ್ಲವೂ.

“ಏನಂತೆ?” ಎಂದ ಡೆಸ್ಮಂಡ್.

“ಡಯೋಡ್ ಹೋಗಿದೆ. ಅಷ್ಟೂ.”

“ಯಾವನೋ ಕತ್ತೆ ಓಡೋವಾಗ ತಂತಿ ಕಿತ್ತಿದಾನೆ,” ಎಂದ, ಯೋಚಿಸದೆ, ಹಿಂದಿನಷ್ಟೇ ಖಚಿತವಾಗಿ. “ಅವನ ಬೆರಳು ಮುರೀಬೇಕು. ಗ್ಲೆನಿಸ್ ಗಂಡ ಇರ್ಬೇಕು ನೋಡು. ಅವನಿಗೆ ಬಲ್ಬ್ ಹಾಕೋಕೂ ಬರಲ್ಲ.”

ಗ್ಲೆನಿಸಳ ಗಂಡ ಆ ಗ್ಯಾರೇಜಿಗೆ ಕಾಲಿಟ್ಟು ವರ್ಷವಾಗಿತ್ತು. ನಾನು ತಲೆಯೆತ್ತಲಿಲ್ಲ.

ಹೊಸ ಡಯೋಡುಗಳನ್ನು ಬೆಸೆಯುವಾಗ ಬಿಸಿ ಒಳಗೆ ಹರಿಯದಂತೆ ಅದರ ಕಾಲನ್ನು ಇಕ್ಕಳದಲ್ಲಿ ಹಿಡಿಯಬೇಕು. ಡೆಸ್ಮಂಡ್ ಇಕ್ಕಳ ಹಿಡಿದ. ಅವನ ಇಕ್ಕಳ ಅಲುಗಲಿಲ್ಲ, ಬೆಸುಗೆ ಕಡ್ಡಿ ಜಾರಿದ್ದು ನನ್ನ ಕೈಯಿಂದಲೇ. “ಹಿಡ್ಕೊಳೋ ಸರಿಯಾಗಿ, ಮುದುಕ ಆಗ್ಬಿಟ್ಟೆ ನೀನು,” ಎಂದು ನಕ್ಕ. ಜೋಡಿಸಿ, ಜಾಗಕ್ಕೆ ಕೂರಿಸಿ, ಬೆಲ್ಟನ್ನು ಹೆಬ್ಬೆರಳಿನಲ್ಲಿ ಒತ್ತಿ ಬಿಗಿ ನೋಡಿ, ತಂತಿ ಹಾಕಿ ಸ್ಟಾರ್ಟ್ ಮಾಡಿದೆ. ಕೆಂಪು ದೀಪ ಆರಿತು. ಮೀಟರ್ ಹದಿನಾಲ್ಕು ವೋಲ್ಟ್ ತೋರಿಸಿತು.

“ಎಲ್ಲಿ, ನಿಜವಾಗ್ಲೂ ಕೊಡ್ತಿದೆಯಾ ನೋಡೋಣ,” ಎಂದು ಡೆಸ್ಮಂಡ್ ಬಗ್ಗಿದ. ಎಂಜಿನ್ ಓಡುತ್ತಿತ್ತು. ಅವನ ಕೈ ಸೀದಾ ಬ್ಯಾಟರಿಯ ತಂತಿಗೆ ಹೋಯಿತು.

ನಾನು ಮಣಿಕಟ್ಟು ಹಿಡಿದುಕೊಂಡೆ. “ಡೆಸ್! ಇದು ಡೈನಮೋ ಅಲ್ಲ ಕಣೋ.”

ನನ್ನನ್ನು ನೋಡಿದ. ಆಮೇಲೆ ಬೆಂಚಿನ ಮೇಲೆ ಬಿದ್ದಿದ್ದ ಸುಟ್ಟ ಡಯೋಡುಗಳನ್ನು ನೋಡಿದ.

“ನಾನೇನೋ?”

“ಹೂಂ.”

“ಹೋದ ಸಲಾನೂ?”

ಎಂಜಿನ್ ಆರಿಸಿದೆ. ಅವನು ಡಬ್ಬದ ಮೇಲೆ ಕುಳಿತು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಳ್ಳುತ್ತಿದ್ದ. ತಾನೇ ಮಗಳಿಗೆ ಹೇಳುತ್ತಾನೆ, ನನಗೆ ಆ ಪಾಪ ತಪ್ಪಿತು ಅಂದುಕೊಂಡೆ.

ಗ್ಲೆನಿಸ್ ಚಹಾ ತಂದಾಗ ಹತ್ತು ನಿಮಿಷವೂ ಆಗಿರಲಿಲ್ಲ. ಅಷ್ಟರಲ್ಲಿ ಅವನು ಅದನ್ನೆಲ್ಲ ಮರೆತು ಮೇ ತಿಂಗಳ ಗುಡ್ಡದ ಮಾತಿಗೆ ಹೋಗಿಬಿಟ್ಟಿದ್ದ.

“ಏನಾಗಿತ್ತು ಮಾಮಾ?”

“ಹೇಳೋ ಕ್ಲಿಫ್,” ಎಂದ ಡೆಸ್ಮಂಡ್ ಖುಷಿಯಾಗಿ, “ಈಗಿನ ಕಾಲದ ಸಾಮಾನೇ ಸರಿಯಿಲ್ಲ ಅಂತ ಹೇಳು.”

ಒಂದು ಮಾತು ಸಾಕಿತ್ತು. ‘ನನ್ನ ಬೆಸುಗೆ ಸರಿಯಿರಲಿಲ್ಲ ಕಣಮ್ಮಾ, ತಪ್ಪು ನಂದೇ’ ಎಂದಿದ್ದರೆ ಅವಳು ನಂಬುತ್ತಿದ್ದಳು. ಮೇ ತಿಂಗಳು ಗುಡ್ಡಕ್ಕೂ ಹೋಗಬಹುದಿತ್ತು. ಆ ಮಾತು ಬಾಯಿಯವರೆಗೆ ಬಂತು ಕೂಡ. ಆದರೆ ಅವನು ಹೇಳಿದ ಸುಳ್ಳಿಗೆ ಬೆರಳು ಸುಟ್ಟುಕೊಂಡವನು ಅವನೇ. ನನ್ನ ಸುಳ್ಳಿಗೆ ಬೆಲೆ ತೆರುವವರು ಆ ಸರ್ಕಲ್‌ನಲ್ಲಿ ಎದುರಿಗೆ ಬರುವ ಯಾರೋ ಏನೋ.

“ಸಾಮಾನು ಕೆಟ್ಟಿದ್ದಲ್ಲ ಗ್ಲೆನಿಸ್. ಓಡೋವಾಗ ಡೆಸ್ ತಂತಿ ಕಿತ್ತಿದಾನೆ. ಎರಡು ಸಲ. ಈಗ್ಲೂ ಕೀಳೋಕೆ ಹೋದ.”

“ನಾನಾ?” ಡೆಸ್ಮಂಡ್ ಎದ್ದು ನಿಂತ. “ಗೋಡೆ ಮೇಲೆ ಬರೆದೋನು ನಾನು! ನಾನಾ ಕೀಳೋದು?”

ಗ್ಲೆನಿಸ್ ಕಾರಿನ ಕೀಲಿ ತೆಗೆದುಕೊಂಡಳು. ಅವನು ಅವಳ ಕಡೆ ನೋಡಲೇ ಇಲ್ಲ.

“ಬ್ರಾಡಕ್ ಮುಂದೆ ನಿನಗೋಸ್ಕರ ನಿಂತೆ ಕಣೋ ನಾನು. ಮರೆತ್ಯಾ?”

“ಮರೆತಿಲ್ಲ ಡೆಸ್.”

“ಮತ್ತೆ?”

ಚಹಾ ಕುಡಿಯದೆ ಬಂದೆ.

ಈಗ ಅವನು ಮಗಳನ್ನು ತೀರಿಹೋದ ಹೆಂಡತಿಯ ಹೆಸರಿನಿಂದ ಕರೆಯುತ್ತಾನಂತೆ. ಬೆಳಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ತನ್ನದೊಂದು ಕಾರಿತ್ತು ಎಂಬುದೂ ಕೆಲವು ದಿನ ನೆನಪಿರುವುದಿಲ್ಲ. ಆದರೆ ನಾನು ಬಾಗಿಲಲ್ಲಿ ಕಂಡರೆ ಸಾಕು, “ಇವನನ್ನ ಒಳಗೆ ಬಿಡ್ಬೇಡ, ನನ್ನ ಹೆಸರು ಹೇಳಿ ಸಿಕ್ಕಿಸಿದೋನು ಇವ್ನು” ಎನ್ನುತ್ತಾನೆ. ಎಲ್ಲ ಮರೆತ. ಇದೊಂದನ್ನು ಮರೆಯಲಿಲ್ಲ.

ಆದರೂ ಭಾನುವಾರ ಹೋಗುತ್ತೇನೆ. ಮನೆಯೊಳಗೆ ಹೋಗುವುದಿಲ್ಲ. ಗ್ಲೆನಿಸ್ ಕೀಲಿ ತಂದುಕೊಡುತ್ತಾಳೆ. ಗ್ಯಾರೇಜಿನಲ್ಲಿ ಕಾರು ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಿಸುತ್ತೇನೆ. ಕೆಂಪು ದೀಪ ಪ್ರತಿ ಸಲವೂ ಆರುತ್ತದೆ. ಎಂಜಿನ್ ಪೂರ್ತಿ ನಿಂತ ಮೇಲೆ ಬ್ಯಾಟರಿಯ ತಂತಿ ಕಳಚಿ, ಬಾಗಿಲು ಎಳೆದುಕೊಂಡು ಹೊರಡುತ್ತೇನೆ. ಅಡುಗೆಮನೆಯ ಕಿಟಕಿಯಲ್ಲಿ ಅವನು ನಿಂತಿರುತ್ತಾನೆ, ಸದ್ದು ಕೇಳಿ ಬಂದಿರಬೇಕು. ನಾನು ಕೈ ಎತ್ತುತ್ತೇನೆ. ಅವನು ಪರದೆ ಎಳೆದುಕೊಳ್ಳುತ್ತಾನೆ.