ಯಾವ ಬಾಗಿಲಿಂದ ಬಂದರೂ ಗೋಲು ಗೋಲೇ

ನಾನೊಂದು ಕಾಲ್ಚೆಂಡು. ಹುಟ್ಟೂರು ಜಲಂಧರ್. ಚರ್ಮದ ತುಂಡುಗಳನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಎರಡು ಸೂಜಿಗಳಿಂದ ನನ್ನನ್ನು ಹೊಲಿದವಳು ಒಬ್ಬ ಹೆಂಗಸು. ಹೊಲಿಯುವಷ್ಟು ಹೊತ್ತೂ ಅವಳು ಯಾರನ್ನೋ ಬೈಯುತ್ತಲೇ ಇದ್ದಳು. ಆ ಸಿಟ್ಟು ಗಾಳಿಗಿಂತ ಮೊದಲೇ ನನ್ನೊಳಗೆ ಸೇರಿಕೊಂಡಿರಬೇಕು. ಅಂದಿನಿಂದ ನನಗೆ ಮೂಗಿನ ತುದಿಯಲ್ಲೇ ಕೋಪ. ಮೂಗಿಲ್ಲ ಎಂಬುದು ಬೇರೆ ಮಾತು.

ಆಮೇಲೆ ನನ್ನ ಗಾಳಿ ತೆಗೆದು, ಚಪ್ಪಟೆ ಮಾಡಿ, ಗೋಣಿಚೀಲಕ್ಕೆ ತುರುಕಿ ರೈಲಿಗೆ ಹಾಕಿದರು. ಹಾಗಾಗಿ ದೂರದ ಪ್ರಯಾಣ ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೊತ್ತಿಲ್ಲದ ಊರು, ಅರ್ಥವಾಗದ ಮಾತು, ಬೇರೆಯೇ ವಾಸನೆಯ ಮಣ್ಣು. ಪರಊರಿಗೆ ಹೋಗಿ ಆಡುವವರ ಕಷ್ಟದ ಬಗ್ಗೆ ನಾನು ಎಂದೂ ಹಗುರಾಗಿ ಮಾತಾಡಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಜಗಳ ತೆಗೆಯುವವನಿದ್ದೇನೆ.

ಹುಬ್ಬಳ್ಳಿಯ ಅಂಗಡಿಯೊಂದರಿಂದ ನನ್ನನ್ನು ಕೊಂಡವರು ಸಂಗಾಪುರದ ಹುದ್ದಾರ ಮಾಸ್ತರು. ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಕೊರಳಲ್ಲಿ ಸದಾ ಸೀಟಿ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ನನಗಂತೂ ಕೆಳಗಿನಿಂದ ಅವರ ಪ್ಯಾಂಟಿನ ಗೆರೆ ಮತ್ತು ಮೂಗಿನ ಹೊಳ್ಳೆ ಮಾತ್ರ ಕಾಣುತ್ತಿದ್ದವು. ಊರಿನ ಫುಟ್‌ಬಾಲ್ ಕಮಿಟಿ ಎಂದರೆ ಅವರೇ.

ಸಂಗಾಪುರದಲ್ಲಿ ಇದ್ದದ್ದು ಎರಡೇ ತಂಡ. ಒಂದು ಕೋಟೆಗಲ್ಲಿಯದು, ಇನ್ನೊಂದು ನೂಲಿನ ಗಿರಣಿಯ ಕಾರ್ಮಿಕರ ಸಾಲುಮನೆಗಳಿದ್ದ ಚಾಳಿನದು. ಪ್ರತಿ ಬೇಸಿಗೆಗೆ ಕಪ್ಪಿಗಾಗಿ ಎರಡು ಪಂದ್ಯ. ದೊಡ್ಡ ದೇಶಗಳಲ್ಲಿ ಹಾಗೆ ಆಡುತ್ತಾರೆ ಎಂದು ಮಾಸ್ತರು ಎಲ್ಲೋ ಓದಿದ್ದರು. ಒಂದು ಪಂದ್ಯ ನಮ್ಮ ಮನೆಯಲ್ಲಿ, ಒಂದು ನಿಮ್ಮ ಮನೆಯಲ್ಲಿ. ಎರಡರ ಗೋಲುಗಳನ್ನೂ ಕೂಡಿಸಬೇಕು. ಸಮನಾದರೆ ಎದುರಾಳಿಯ ಮೈದಾನದಲ್ಲಿ ಯಾರು ಹೆಚ್ಚು ಗೋಲು ಹೊಡೆದರೋ ಅವರು ಗೆದ್ದಂತೆ. ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಸಂಗಾಪುರದಲ್ಲಿ ಮೈದಾನ ಇದ್ದದ್ದೇ ಒಂದು!

ಅದಕ್ಕೆ ಮಾಸ್ತರು ಎದೆಗುಂದಲಿಲ್ಲ. ಆ ಒಂದೇ ಮೈದಾನದಲ್ಲಿ ಮನೆ ಮತ್ತು ಪರಊರು ಎರಡನ್ನೂ ಮಾಡಿಬಿಟ್ಟರು. ಆ ದಿನದ ಮನೆಯ ತಂಡ ದೊಡ್ಡ ಗೇಟಿನಿಂದ ಬರಬೇಕು, ಬೇವಿನ ಮರದ ನೆರಳಲ್ಲಿ ಕೂರಬೇಕು. ಹೊರಗಿನ ತಂಡ ಹಿಂದಿನ ಮುರಿದ ಗೋಡೆಯ ಸಂದಿಯಿಂದ ನುಸುಳಿ ಬಂದು ಬಿಸಿಲಲ್ಲಿ ಕೂರಬೇಕು. ಮುಂದಿನ ಪಂದ್ಯಕ್ಕೆ ಅದಲುಬದಲು. ಜನ ಮೊದಲು ನಕ್ಕರು, ಆಮೇಲೆ ರೂಢಿಯಾಯಿತು. ಸಂದಿಯಿಂದ ಬಂದವರನ್ನು ನೆರಳಿನವರು "ಬರ್ರಿ ಬರ್ರಿ, ಪ್ರಯಾಣ ಹ್ಯಾಂಗಾತು?" ಎಂದು ರೇಗಿಸುವುದೂ ಆಟದ ಭಾಗವೇ ಆಯಿತು.

ನಾನು ಆಡಿದ ವರ್ಷ ಮಾತ್ರ ಯಾರೂ ನಗುವ ಸ್ಥಿತಿಯಲ್ಲಿರಲಿಲ್ಲ. ಗಿರಣಿ ಬಾಗಿಲು ಹಾಕಿತ್ತು. ಮಳೆಗಾಲಕ್ಕೆ ಮೊದಲು ಚಾಳು ಖಾಲಿ ಮಾಡಬೇಕೆಂದು ಆಗಲೇ ಹೇಳಿಯಾಗಿತ್ತು. ಮುಂದಿನ ಬೇಸಿಗೆಗೆ ಚಾಳಿನ ತಂಡವೇ ಇರುವುದಿಲ್ಲ. ಕಪ್ಪಿನ ಮೇಲೆ ಅವರ ಹೆಸರನ್ನು ಒಮ್ಮೆಯೂ ಕೆತ್ತಿರಲಿಲ್ಲ. ಇದು ಕಡೆಯ ಅವಕಾಶ ಎಂದು ಅವರ ನಾಯಕ ದಸ್ತಗೀರನಿಗೆ ಗೊತ್ತಿತ್ತು. ಪಂದ್ಯಕ್ಕೆ ಮೊದಲು ಅವನು ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡ. ಅವನ ಹಣೆ ಬಿಸಿಯಾಗಿತ್ತು. ಆ ಕ್ಷಣದಿಂದ ನಾನು ಚಾಳಿನ ಕಡೆಯವನು. ಚೆಂಡಿಗೆ ಪಕ್ಷಪಾತ ಇರಬಾರದು ಎನ್ನುತ್ತೀರಾ? ನಿಮ್ಮನ್ನೂ ಯಾರಾದರೂ ಹಾಗೆ ಹಿಡಿದುಕೊಂಡು ನೋಡಲಿ, ಆಮೇಲೆ ಮಾತಾಡೋಣ.

ಮೊದಲ ಪಂದ್ಯದಲ್ಲಿ ಚಾಳು ಮನೆಯ ತಂಡ. ದಸ್ತಗೀರ ನನ್ನನ್ನು ಎರಡು ಸಲ ಬಲೆಗೆ ಕಳಿಸಿದ. ಅಷ್ಟಾದ ಮೇಲೆ ಚಾಳಿನವರಿಗೆ ಭಯ ಹತ್ತಿತು. ಮನೆಯಲ್ಲಿ ಗೋಲು ಬಿಟ್ಟುಕೊಟ್ಟರೆ ಅದು ನಾಳೆ ಕುತ್ತಿಗೆಗೆ ಬರುತ್ತದಲ್ಲ! ಗೆಲ್ಲುತ್ತಿದ್ದವರೇ ಹಿಂದೆ ಸರಿದು ಕಂಬಗಳ ಮುಂದೆ ಗುಂಪುಗಟ್ಟಿ ನಿಂತರು. ಆಡುವವರಿಗೆ ಧೈರ್ಯ ಬರಲೆಂದು ಮಾಡಿದ ನಿಯಮವಂತೆ ಇದು. ನಾನು ಕಂಡದ್ದು ಬರೀ ಅಂಜಿಕೆ. ಆ ಗುಂಪಿನ ಸಂದಿಯಲ್ಲೇ ಕೋಟೆಗಲ್ಲಿಯ ನಾಯಕ ಪರಶುರಾಮ ಘೋರ್ಪಡೆ ನನ್ನನ್ನು ತೂರಿಸಿಬಿಟ್ಟ. ಎರಡು-ಒಂದು.

ಎರಡನೆಯ ಪಂದ್ಯದಲ್ಲಿ ಕೋಟೆಗಲ್ಲಿಗೆ ನೆರಳು, ಚಾಳಿಗೆ ಬಿಸಿಲು. ಪರಶುರಾಮನೇ ಮತ್ತೊಂದು ಗೋಲು ಹೊಡೆದ. ಅದಾದ ಮೇಲೆ ಅವನ ತಂಡ ಆಡುವುದನ್ನೇ ಬಿಟ್ಟು ನನ್ನನ್ನು ರಸ್ತೆಗೆ ಒದೆಯುತ್ತ ಕುಳಿತಿತು. ಒಂದು ಸಲ ಎಮ್ಮೆಯ ಬೆನ್ನಿಗೆ ಬಡಿದು ಬಂದೆ. ಕಡೆಗೆ ದಸ್ತಗೀರ ಒದ್ದಾಗ ನಾನು ಜೀವ ಬಿಟ್ಟು ಹಾರಿದೆ. ಹಾಳು ಕಂಬ ನಡುವೆ ಬಂತು. ಒಂದು-ಸೊನ್ನೆ. ಒಟ್ಟು ಎರಡು-ಎರಡು.

ಮಾಸ್ತರು ಸೀಟಿ ಊದಿ ಕೋಟೆಗಲ್ಲಿಯ ಕಡೆಗೆ ಕೈ ತೋರಿಸಿದರು. ಪರಶುರಾಮನ ಮೊದಲ ಗೋಲು ಪರಊರಿನಲ್ಲಿ ಹೊಡೆದದ್ದು. ಆದ್ದರಿಂದ ಗೆಲುವು ಅವರದು.

ದಸ್ತಗೀರ ನನ್ನನ್ನು ಕಂಕುಳಲ್ಲಿ ಒತ್ತಿಕೊಂಡು ಅವರ ಮುಂದೆ ಬಂದು ನಿಂತ. "ಸರ, ಪರಸು ಎರಡು ಹೊಡದಾನ, ನಾನೂ ಎರಡು ಹೊಡದೀನಿ. ಇದ ಮೈದಾನ, ಇದ ಕಂಬ, ಇದ ಚೆಂಡು. ನಂದು ಎಲ್ಲಿ ಕಡಿಮಿ ಬಿತ್ತರಿ?"

"ನಿಯಮ ಅಂದ್ರ ನಿಯಮ, ದಸ್ತಗೀರ. ಆಡೂಕಿಂತ ಮೊದಲ ಎಲ್ಲಾರೂ ಒಪ್ಪೀರಿ."

"ಒಪ್ಪಿದ್ದು ಖರೆ ಐತ್ರಿ. ಅರ್ಧ ತಾಸು ಹೆಚ್ಚಿಗಿ ಆಡಸರಿ. ಸೋತರ ಸುಮ್ನ ಹೊಕ್ಕೀವಿ."

"ಬೆಳಕಿಲ್ಲ."

ಸೂರ್ಯ ಇನ್ನೂ ಗಿರಣಿಯ ಚಿಮಣಿಯ ಮೇಲಿದ್ದ. ಆಗ ಬಿಸಿಲಲ್ಲಿ ಕೂತಿದ್ದ ಚಾಳಿನ ಬಾಳವ್ವ ಎದ್ದಳು. ಗಿರಣಿಯ ಸದ್ದಿನಲ್ಲಿ ಮಾತಾಡಿ ರೂಢಿಯಾದ ಗಂಟಲು ಅವಳದು. "ಮಾಸ್ತರ, ನಮ್ಮ ಮನಿ ಈ ಗ್ವಾಡಿ ಹಿಂದ ಐತಿ. ಒಲಿ ಮ್ಯಾಲ ಅನ್ನಾ ಇಟ್ಟು ಬಂದೇನಿ. ನಾವು ಯಾವಾಗ ಪರಊರಿನವರಾದ್ವಿ ಹೇಳ್ರಿ?"

ಮಾಸ್ತರು ಸೀಟಿಯನ್ನು ಬಾಯಿಗಿಟ್ಟರು. ಇನ್ನೊಮ್ಮೆ ಊದಿದರು. ಗೆದ್ದವರಿಗೆ ಕಪ್ಪು, ಅದರ ಜೊತೆಗೆ ಚೆಂಡು ಎಂಬುದು ಊರಿನ ಪದ್ಧತಿ. ನನ್ನನ್ನು ದಸ್ತಗೀರನ ಕಂಕುಳಿನಿಂದ ಕಿತ್ತು ಪರಶುರಾಮನ ಕೈಗೆ ಕೊಟ್ಟರು.

ಕೇಳಿ, ಆ ನಾಲ್ಕು ಗೋಲುಗಳಲ್ಲೂ ಗೆರೆ ದಾಟಿದವನು ನಾನು. ಪರಶುರಾಮ ಹೊಡೆದಾಗ ನನ್ನ ಮೈ ಭಾರವಾಗಿರಲಿಲ್ಲ, ದಸ್ತಗೀರ ಹೊಡೆದಾಗ ಹಗುರಾಗಿರಲಿಲ್ಲ. ರೈಲಿನಲ್ಲಿ ಮೈಕೈ ನೋಯಿಸಿಕೊಂಡು, ತಮ್ಮವರೆನ್ನುವ ಒಂದು ಮುಖವೂ ಇಲ್ಲದ ಕಡೆ ಹೊಡೆದ ಗೋಲಿಗೆ ಒಂದು ಗುಂಜಿ ಹೆಚ್ಚು ತೂಕ ಕೊಡುತ್ತೀರೆಂದರೆ ಅದನ್ನಾದರೂ ಕೂತು ಚರ್ಚಿಸೋಣ. ಗೋಡೆಯ ಸಂದಿಯಿಂದ ನುಸುಳಿ ಬಂದದ್ದಕ್ಕೆ ತೂಕವೇ? ನಾನು ಒಪ್ಪುವುದಿಲ್ಲ. ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಕೋಟೆಗಲ್ಲಿಯ ಕ್ಲಬ್ಬಿನಲ್ಲಿ ನನ್ನನ್ನು ಗಾಜಿನ ಕಪಾಟಿನಲ್ಲಿಟ್ಟು, ಮುಂದೆ "ವಿಜಯದ ಚೆಂಡು" ಎಂದು ಬರೆದ ಹಲಗೆ ನಿಲ್ಲಿಸಿದರು. ನಾನು ಬೇಕೆಂದೇ ಗಾಳಿ ಬಿಟ್ಟೆ. ಸಮಾರಂಭ ಬಂದರೆ ಪಂಪು ಹೊಡೆದು ನನ್ನನ್ನು ಉಬ್ಬಿಸಿ ಮೇಜಿನ ಮೇಲೆ ಕೂರಿಸುತ್ತಿದ್ದರು. ಮುಖ್ಯ ಅತಿಥಿಯ ಭಾಷಣ ಮುಗಿಯುವಷ್ಟರಲ್ಲಿ ನಾನು ಹಪ್ಪಳ. ಒಳಗೆ ಗಾಳಿ ಹಿಡಿಯುವ ಹೊಸ ರಬ್ಬರ್ ಬ್ಲಾಡರ್ ಹಾಕಿಸಿದರು, ಆಗಲೂ ಅಷ್ಟೇ. ಕದ್ದ ಮಾಲಿನ ಹಾಗೆ ಕೂತವನು ಎದೆಯುಬ್ಬಿಸಿ ಕೂರುವುದಾದರೂ ಹೇಗೆ?

ಚಾಳು ನೆಲಸಮವಾಯಿತು. ಒಬ್ಬರು ಇಚಲಕರಂಜಿಗೆ, ಒಬ್ಬರು ಗೋವಾಕ್ಕೆ, ಹೀಗೆ ಚೆದುರಿಹೋದರಂತೆ. ದಸ್ತಗೀರ ಮಾತ್ರ ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಹಾಕಿಕೊಂಡು ಊರಲ್ಲೇ ಉಳಿದ. ವರ್ಷಗಳು ಕಳೆದವು. ಪರಶುರಾಮನಿಗೆ ಹೊಟ್ಟೆ ಬಂತು, ಕ್ಲಬ್ಬಿಗೆ ಟಿವಿ ಬಂತು. ಒಂದು ಸಂಜೆ ಆ ಟಿವಿಯಲ್ಲಿ ಸುದ್ದಿ: ಯುರೋಪಿನವರು ಪರಊರಿನ ಗೋಲಿನ ನಿಯಮವನ್ನು ತೆಗೆದುಹಾಕಿದರಂತೆ. ಪರಶುರಾಮ ಬಹಳ ಹೊತ್ತು ಟಿವಿ ನೋಡಿದ, ಆಮೇಲೆ ನನ್ನನ್ನು ನೋಡಿದ. ಕಪಾಟಿನ ಬೀಗ ತೆಗೆದು, ಸೊರಗಿದ ನನ್ನನ್ನು ಚೀಲಕ್ಕೆ ಹಾಕಿಕೊಂಡು ಸೀದಾ ಪಂಕ್ಚರ್ ಅಂಗಡಿಗೆ ನಡೆದ.

"ತಗೋ, ದಸ್ತಗೀರ. ಇದು ನಿಂದ. ನಂಗ ಆವತ್ತ ಗೊತ್ತಿತ್ತು."

ದಸ್ತಗೀರ ಕೈ ಚಾಚಲಿಲ್ಲ. ಟಯರು ತಿರುಗಿಸುತ್ತಲೇ ಹೇಳಿದ: "ನೀ ಕೊಟ್ರ ಅದು ದಾನಾ ಆಕ್ಕೈತಿ, ಪರಸು. ನಂಗ ದಾನಾ ಬ್ಯಾಡ. ಅರ್ಧ ತಾಸು ಬಾಕಿ ಐತಿ, ಅದನ್ನ ಆಡು."

"ಈ ಹೊಟ್ಟಿ ಇಟಗೊಂಡು?"

"ನನ್ನ ಮಣಕಾಲ ನೋಡಿದ್ರ ನಿನ್ನ ಹೊಟ್ಟೀನ ಛಲೋ ಐತಿ. ಆಡು."

ಅವನೇ ನನ್ನ ಹೊಲಿಗೆ ಬಿಚ್ಚಿ ಬ್ಲಾಡರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಬಂದ ಜಾಗ ಹುಡುಕಿ ತೇಪೆ ಹಾಕಿದ. ಮತ್ತೆ ಹೊಲಿದು ಗಾಳಿ ತುಂಬಿದ. ಹಣೆಗೆ ಒತ್ತಿಕೊಳ್ಳಲಿಲ್ಲ. ಸುಮ್ಮನೆ ಒಮ್ಮೆ ನೆಲಕ್ಕೆ ಪುಟಿಸಿ ನೋಡಿ ತಲೆ ಆಡಿಸಿದ.

ಮುಂದಿನ ಭಾನುವಾರ ಚಾಳಿನ ಹಳೆಯ ಆಟಗಾರರು ಇಚಲಕರಂಜಿಯಿಂದ ಬಂದರು, ಗೋವಾದಿಂದ ಬಂದರು. ಹೀಗೆ ದೂರದಿಂದ ಪ್ರಯಾಣ ಮಾಡಿ ಬಂದದ್ದು ಆ ಮೈದಾನಕ್ಕೆ ಅದೇ ಮೊದಲು! ಬೋಳುತಲೆ, ಕನ್ನಡಕ, ಮೊಣಕಾಲಿಗೆ ಪಟ್ಟಿ. ಇಬ್ಬರು ತೀರಿಹೋಗಿದ್ದರು, ಅವರ ಜಾಗವನ್ನು ಖಾಲಿ ಬಿಟ್ಟೇ ನಿಂತರು. ಹುದ್ದಾರ ಮಾಸ್ತರನ್ನು ಕುರ್ಚಿಯ ಸಮೇತ ಹೊತ್ತು ತಂದರು. ಹಲ್ಲಿಲ್ಲದ ಬಾಯಿಯಿಂದ ಸೀಟಿ ಜಾರುತ್ತಿತ್ತು. ಎಲ್ಲರೂ ದೊಡ್ಡ ಗೇಟಿನಿಂದಲೇ ಬಂದರು. ಕೋಲೂರಿಕೊಂಡು ಬಂದ ಬಾಳವ್ವ ಗೇಟಿನಲ್ಲಿ ನಿಂತು ಕೇಳಿದಳು: "ಈಗ ನಾ ಎಲ್ಲಿ ಕುಂದರ್ಲಿ, ಮಾಸ್ತರ?"

"ನಿನ್ನ ಮನಸಿಗೆ ಬಂದಲ್ಲಿ ಕುಂದರವಾ," ಎಂದರು ಮಾಸ್ತರು. ಬಾಳವ್ವ ಬೇವಿನ ನೆರಳಲ್ಲಿ ಕಾಲು ಚಾಚಿ ಕೂತಳು.

ಆ ಅರ್ಧ ತಾಸು ಅವರು ಓಡಿದ್ದಕ್ಕಿಂತ ಏದುಸಿರು ಬಿಟ್ಟದ್ದೇ ಹೆಚ್ಚು. ನನ್ನ ಮನಸ್ಸೆಲ್ಲ ದಸ್ತಗೀರನ ಕಡೆಗೇ ಇತ್ತು. ಆದರೂ ಒದ್ದ ಕಡೆಗೆ ನೇರವಾಗಿ ಹೋದೆ, ಯಾರ ಕಡೆಗೂ ವಾಲಲಿಲ್ಲ. ನ್ಯಾಯ ಕೇಳಿದವನು ನಾನೇ ಅಲ್ಲವೇ? ಇನ್ನೇನು ಆಟ ಮುಗಿಯಿತು ಎನ್ನುವಾಗ ಪರಶುರಾಮನ ಮೊಣಕಾಲಿಗೆ ತಗುಲಿ, ಕುಂಟುತ್ತ ಉರುಳಿ, ಚಾಳಿನ ಕಡೆಯ ಗೆರೆ ದಾಟಿದೆ. ಒಂದೇ ಗೋಲು. ಒಂದು ಎಂದೇ ಲೆಕ್ಕ.

ಪರಶುರಾಮ ತಲೆ ತಗ್ಗಿಸಿ ನಿಂತ. ದಸ್ತಗೀರ ಸೊಂಟಕ್ಕೆ ಕೈ ಕೊಟ್ಟು ಉಸಿರು ಸುಧಾರಿಸಿಕೊಂಡ. ಆಮೇಲೆ ಜೋರಾಗಿ ನಕ್ಕುಬಿಟ್ಟ. ಬಗ್ಗಿ ನನ್ನನ್ನು ಎತ್ತಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಹೇಳಿದ:

"ಇವತ್ತ ಸೋತೀನಿ, ಪರಸು. ಆವತ್ತ ಸೋತಿದ್ದಿಲ್ಲ. ಈಗ ಒಯ್ಯಿ. ಈಗ ಇದು ನಿಂದ."

ನಾನು ಮತ್ತೆ ಅದೇ ಕಪಾಟಿನಲ್ಲಿ, ಅದೇ ಹಲಗೆಯ ಹಿಂದೆ ಇದ್ದೇನೆ. ಮುದಿಯಾಗಿದ್ದೇನೆ, ಚರ್ಮ ಸಿಪ್ಪೆಯೇಳುತ್ತಿದೆ. ಆದರೆ ಆ ಭಾನುವಾರದಿಂದ ಯಾರೂ ನನಗೆ ಪಂಪು ಹಾಕಬೇಕಾಗಿ ಬಂದಿಲ್ಲ. ದಸ್ತಗೀರನ ತೇಪೆ ಬಹಳ ಗಟ್ಟಿ ಎಂದು ಕ್ಲಬ್ಬಿನವರು ಹೊಗಳುತ್ತಾರೆ. ಹೊಗಳಲಿ. ನಾನು ಗಾಳಿ ಬಿಡುವುದನ್ನು ನಿಲ್ಲಿಸಿದ್ದೇನೆ, ಅಷ್ಟೇ.